ಇಂಜಿನ್ ಬಿಚ್ಚಿಸುವ ಮೊದಲು ಹೊಗೆಯನ್ನು ಓದಿ: ಹಳೆಯ ಕಾರುಗಳ ಮಾಲೀಕರಲ್ಲಿ ಒಂದು ಮನವಿ

ಹಳೆಯ ಕಾರಿನ ಸೈಲೆನ್ಸರ್‌ನಿಂದ ಬರುವ ಹೊಗೆ ಮೂರು ಬಣ್ಣದ್ದು. ಇಂಜಿನ್ ಆಯಿಲ್ ಉರಿದರೆ ನೀಲಿ, ಇಂಧನ ಪೂರ್ತಿ ಉರಿಯದಿದ್ದರೆ ಕಪ್ಪು, ರೇಡಿಯೇಟರಿನ ನೀರು ಸಿಲಿಂಡರಿಗೆ ನುಗ್ಗಿದರೆ ಬಿಳಿ. ಮೂರಕ್ಕೂ ಕಾರಣ ಬೇರೆ, ರಿಪೇರಿ ಬೇರೆ, ಖರ್ಚೂ ಬೇರೆ. ಇದನ್ನು ವಿಂಗಡಿಸದೆ ಹೊಗೆ ಬಿಡುತ್ತಲೇ ಓಡಿಸುವುದರಿಂದ ಊರಿಗೆ ನಷ್ಟ. ಹೊಗೆ ಕಂಡೊಡನೆ ಇಂಜಿನ್ ಬಿಚ್ಚಿಸುವುದರಿಂದ ಮಾಲೀಕರ ಜೇಬಿಗೆ ನಷ್ಟ. ಮೊದಲು ಕಾರಣ ಪತ್ತೆಯಾಗಲಿ, ಆಮೇಲೆ ಸ್ಪ್ಯಾನರ್ ಹಿಡಿಯಲಿ ಎಂಬುದು ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಕಾರು ಮಾಲೀಕರಲ್ಲೂ ಮೆಕ್ಯಾನಿಕ್‌ಗಳಲ್ಲೂ ಮಾಡುವ ಕಳಕಳಿಯ ಮನವಿ.

ಮಧ್ಯಮ ವರ್ಗದ ಮನೆಗಳಿಗೆ ಕಾರು ತಂದುಕೊಟ್ಟ ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. 2010ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಭಾರತ್ ಸ್ಟೇಜ್ 4 ನಿಯಮ ಜಾರಿಯಾದಾಗ ಬೆಂಗಳೂರೂ ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. ಉಳಿದ ಊರುಗಳಲ್ಲಿ ಮುಂದುವರಿದು, 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಹಾಗಾಗಿ ಅತಿ ಹೊಸ ಮಾರುತಿ 800 ಕೂಡ ಇಂದು ಹತ್ತು ವರ್ಷ ದಾಟಿದೆ. ಹಳತಾಯಿತು ಎಂದ ಮಾತ್ರಕ್ಕೆ ಇವು ಗುಜರಿಗೆ ಹೋಗಬೇಕಿಲ್ಲ. ಆದರೆ ಹೊಗೆಗೆ ಕಾರಿನ ವಯಸ್ಸನ್ನು ನೆಪ ಮಾಡುವಂತಿಲ್ಲ.

ಪತ್ತೆಯ ಮೊದಲ ಹೆಜ್ಜೆ ಆಯಿಲ್ ಲೆಕ್ಕ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದು ನೋಡಬೇಕು. ಮೇಲಿನ ಗುರುತಿನವರೆಗೆ ಆಯಿಲ್ ಹಾಕಿ, ಆ ದಿನದ ಕಿಲೋಮೀಟರ್ ಬರೆದಿಡಬೇಕು. ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ಗುರುತಿಗೆ ತರಲು ಎಷ್ಟು ಆಯಿಲ್ ಬೇಕಾಯಿತೋ ಅದೇ ಇಂಜಿನ್ ಕುಡಿದ ಲೆಕ್ಕ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಎಂಬುದು ಹಲವು ಕಂಪನಿಗಳು ಒಪ್ಪುವ ಕೊನೆಯ ಮಿತಿ. ಅದನ್ನು ಮೀರಿದರೆ ರಿಪೇರಿ ಮುಂದೂಡಬಾರದು. ಗುರುತಿಗಿಂತ ಮೇಲೆ ಸುರಿಯುವುದೂ ತಪ್ಪು. ಹೆಚ್ಚಾದ ಆಯಿಲ್ ಕ್ರ್ಯಾಂಕ್‌ನ ಹೊಡೆತಕ್ಕೆ ಸಿಕ್ಕಿ ನೊರೆಯಾಗಿ ಗಾಳಿಯ ದಾರಿಗೆ ಸೇರುತ್ತದೆ. ಒಳ್ಳೆಯ ಇಂಜಿನ್ನೂ ಆಗ ನೀಲಿ ಹೊಗೆ ಬಿಡುತ್ತದೆ.

ಕಡಿಮೆಯಾದ ಆಯಿಲ್ ಎಲ್ಲವೂ ಉರಿದಿದೆ ಎಂದುಕೊಳ್ಳಬಾರದು. ರಾತ್ರಿ ಇಂಜಿನ್ ಕೆಳಗೆ ಹಳೆಯ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಬಿದ್ದ ಹನಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಡ್ರೈನ್ ಬೋಲ್ಟ್, ಫಿಲ್ಟರ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ಕ್ರ್ಯಾಂಕ್ ಸೀಲ್ ಇವುಗಳ ಸೋರಿಕೆಗೆ ಇಂಜಿನ್ ಪೂರ್ತಿ ಬಿಚ್ಚಬೇಕಿಲ್ಲ.

ಉರಿಯುತ್ತಿರುವುದೇ ಖಚಿತವಾದರೆ ಮುಂದಿನ ಪ್ರಶ್ನೆ, ಅದು ಎಲ್ಲಿಂದ ಒಳಗೆ ಬರುತ್ತಿದೆ ಎಂಬುದು. ಇದನ್ನು ತಿಳಿಯಲು ತುಮಕೂರಿನವರಿಗೆ ದೇವರಾಯನದುರ್ಗದ ಏರು ರಸ್ತೆ ಸಾಕು. ಬಿಸಿಯಾದ ಪೆಟ್ರೋಲ್ ಕಾರು ಬೆಟ್ಟ ಏರುವಾಗ, ಆಕ್ಸಿಲರೇಟರ್ ಒತ್ತಿದಷ್ಟೂ ನೀಲಿ ಹೊಗೆ ಹೆಚ್ಚುತ್ತಿದ್ದರೆ ಸಂಶಯ ಪಿಸ್ಟನ್ ರಿಂಗಿನ ಮೇಲೆ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಬಂದರೆ ಇಂಜಿನ್ನಿನ ಗಾಳಿಯ ದಾರಿಯಲ್ಲಿ ಬಲವಾದ ಸೆಳೆತ ಉಂಟಾಗುತ್ತದೆ. ಸವೆದ ವಾಲ್ವ್ ಸೀಲಿನ ಮೂಲಕ ಆಯಿಲ್ ಆಗ ಸಿಲಿಂಡರಿಗೆ ಜಾರುತ್ತದೆ. ಕೆಳಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಂದೇ ಸಲ ನೀಲಿ ಹೊಗೆ ಎದ್ದು ನಿಂತುಹೋದರೆ ಸಂಶಯ ಸೀಲಿನ ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ಮಾಯವಾಗುವ ನೀಲಿ ಹೊಗೆಯೂ ಅದೇ ಕಥೆ. ಹಿಂದಿನ ಕಾರಿನಲ್ಲಿ ಒಬ್ಬರು ಕುಳಿತು ನೋಡಿ ಹೇಳಬೇಕು. ಚಾಲಕ ಕನ್ನಡಿ ನೋಡುತ್ತ ಘಾಟಿ ಇಳಿಯುವುದು ಅಪಾಯ.

ಸಂಶಯವನ್ನು ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿ ದೃಢಪಡಿಸಿಕೊಳ್ಳಬೇಕು. ಮಾರುತಿ 800ಕ್ಕೆ ಮೂರು ಸಿಲಿಂಡರ್, ಮೂರು ಪ್ಲಗ್. ಮೂರನ್ನೂ ಬಿಚ್ಚಿ ಅದೇ ಸಾಲಿನಲ್ಲಿ ಬಟ್ಟೆಯ ಮೇಲೆ ಇಟ್ಟು ನೋಡಬೇಕು. ತುದಿ ತಿಳಿ ಕಂದು ಬಣ್ಣದ್ದಿದ್ದರೆ ಸರಿ. ಒಣ ಕಾಡಿಗೆಯಂತಿದ್ದರೆ ಪೆಟ್ರೋಲ್ ಹೆಚ್ಚು. ಒದ್ದೆಯಾಗಿ, ಜಿಡ್ಡುಜಿಡ್ಡಾಗಿ ಕಪ್ಪಾಗಿದ್ದರೆ ಆ ಸಿಲಿಂಡರ್ ಆಯಿಲ್ ಕುಡಿಯುತ್ತಿದೆ. ಬಳಿಕ ಕಂಪ್ರೆಷನ್ ಗೇಜ್ ಹಾಕಿಸಬೇಕು. ಒತ್ತಡ ಕಡಿಮೆ ಇರುವ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ದೋಷ ವಾಲ್ವ್‌ನಲ್ಲೋ ಹೆಡ್ ಗ್ಯಾಸ್ಕೆಟ್‌ನಲ್ಲೋ ಇದೆ. ಈ ಆಯಿಲ್ ಪರೀಕ್ಷೆ ಪೆಟ್ರೋಲ್ ಇಂಜಿನ್ನಿಗೆ ಮಾತ್ರ. ಡೀಸೆಲ್ ಇಂಜಿನ್ನಿಗೆ ಮಾಡಬಾರದು. ಒತ್ತಡ ಎಲ್ಲದರಲ್ಲೂ ಚೆನ್ನಾಗಿದ್ದು ಹೊಗೆ ಮಾತ್ರ ಬರುತ್ತಿದ್ದರೆ ವಾಲ್ವ್ ಸೀಲನ್ನೂ, ಇಂಜಿನ್ನಿನ ಒಳಗಿನ ಆವಿ ಹೊರಬರುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ಎಂಬುದನ್ನೂ ನೋಡಬೇಕು. ಇವಕ್ಕೆ ತಗಲುವ ವೆಚ್ಚ ಸಿಲಿಂಡರ್ ಕೊರೆಸುವ ರೀಬೋರ್ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಿ ಆಯಿಲ್ ಒಳಬರಲು ಇನ್ನೊಂದು ದಾರಿಯಿದೆ. ಟರ್ಬೊ ಸೀಲ್ ಸವೆದರೆ ಆಯಿಲ್ ನೇರ ಗಾಳಿಯ ಪೈಪಿಗೆ ಸೇರುತ್ತದೆ. ಪೈಪ್ ಬಿಚ್ಚಿದಾಗ ತೆಳುವಾದ ಜಿಡ್ಡಿದ್ದರೆ ಸಹಜ, ಆಯಿಲ್ ನಿಂತಿದ್ದರೆ ದೋಷ. ಇದನ್ನು ಉಪೇಕ್ಷಿಸಿದರೆ ಇಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡಿ ಸಿಡಿಯುವ ಅಪಾಯವಿದೆ. ಹೈವೇಯಲ್ಲಿ ಜೋರಾಗಿ ಓಡಿಸಿ ಬಂದವರು ಆರಿಸುವ ಮೊದಲು ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುವುದು ಟರ್ಬೊ ಬಾಳಿಕೆಗೆ ಒಳ್ಳೆಯದು.

ಕಪ್ಪು ಹೊಗೆಗೆ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್. ಗುಬ್ಬಿಯ ತೆಂಗಿನ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ದಿನವೂ ಓಡುವ ಗಾಡಿಯ ಫಿಲ್ಟರ್ ಪುಸ್ತಕದಲ್ಲಿ ಬರೆದ ಅವಧಿಗಿಂತ ಬೇಗ ಕಟ್ಟುತ್ತದೆ. ಹರಿದ ಫಿಲ್ಟರ್ ಇನ್ನೂ ಕೆಟ್ಟದ್ದು: ಒಳಹೊಕ್ಕ ಧೂಳು ರಿಂಗನ್ನೂ ಸಿಲಿಂಡರನ್ನೂ ಉಜ್ಜಿ ಸವೆಸುತ್ತದೆ, ಇಂದಿನ ಕಪ್ಪು ಹೊಗೆಯ ಹಿಂದೆಯೇ ನಾಳೆ ನೀಲಿ ಹೊಗೆ ಬರುತ್ತದೆ. ಫಿಲ್ಟರ್ ಸರಿಯಿದ್ದರೆ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್, ಕಾರ್ಬುರೇಟರ್ ಇರುವ ಹಳೆಯ ಕಾರಿನಲ್ಲಿ ಚೋಕ್ ಮತ್ತು ಟ್ಯೂನಿಂಗ್ ನೋಡಿಸಬೇಕು.

ಚಳಿಗಾಲದ ಬೆಳಿಗ್ಗೆ ಕುಣಿಗಲ್ ಕೆರೆಯ ಮೇಲೆ ಮಂಜು ಕವಿದಿರುವಾಗ ಸೈಲೆನ್ಸರ್‌ನಿಂದ ತೆಳ್ಳಗೆ ಏಳುವ ಬಿಳಿ ಆವಿ ದೋಷವಲ್ಲ. ಇಂಜಿನ್ ಬಿಸಿಯಾದಂತೆ ಹೋಗುತ್ತದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ರೇಡಿಯೇಟರಿನಲ್ಲಿ ಇಳಿಯುವ ನೀರು, ಆಯಿಲ್ ಮುಚ್ಚಳದಡಿ ಹಾಲು ಬೆರೆತ ಕಾಫಿಯಂಥ ಲೋಳೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನಲು ಬಲವಾದ ಕಾರಣವಿದೆ. ಅಂಥ ಕಾರನ್ನು ಓಡಿಸದೆ ಟೋ ಮಾಡಿಸಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆಗೆಯಬಾರದು. ಇಲ್ಲಿ ಬೋರ್‌ವೆಲ್ ನೀರಿನ ಪಾತ್ರ ದೊಡ್ಡದು. ಗಡಸು ನೀರು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ, ಇಂಜಿನ್ ಕಾಯುತ್ತದೆ, ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಮನೆಯ ಪಾತ್ರೆಗಳಲ್ಲಿ ಬಿಳಿ ಕಲೆ ಬಿಡುವ ನೀರನ್ನು ಕಾರಿಗೆ ಹಾಕದೆ, ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಬಳಸುವುದು ಸುಲಭದ ಮುನ್ನೆಚ್ಚರಿಕೆ.

ಮಂದವಾದ ಆಯಿಲ್ ಸುರಿದು ಹೊಗೆ ಮರೆಸಿ ಕಾರು ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ. ಹಳೆಯ ಕಾರು ಕೊಳ್ಳುವವರು ಇಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲ ಸ್ಟಾರ್ಟ್ ತಮ್ಮೆದುರೇ ಮಾಡಿಸಬೇಕು.

ಎಮಿಷನ್ ಸರ್ಟಿಫಿಕೇಟ್ ಇದ್ದರೆ ಸಾಕೆಂಬ ನಂಬಿಕೆಯನ್ನೂ ಬಿಡಬೇಕು. ಭಾರತ್ ಸ್ಟೇಜ್ 4 ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 0.3. ಆ ಅಳತೆ ನಡೆಯುವುದು ನಿಂತ ಕಾರಿನಲ್ಲಿ. ಬೆಟ್ಟ ಇಳಿದಾಗ ಏಳುವ ನೀಲಿ ಹೊಗೆ ಅದರಲ್ಲಿ ಕಾಣದೇ ಹೋಗಬಹುದು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಹೊಗೆಯ ಮಿತಿ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ ಹೇಳುತ್ತದೆ. ದಂಡಕ್ಕಿಂತ ದೊಡ್ಡದು ಜನರ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ಕಾಯುವ ಶಾಲಾ ಮಕ್ಕಳಿಗೆ, ಅಂಗಡಿ ಮುಂದೆ ದಿನವಿಡೀ ಕೂರುವ ವ್ಯಾಪಾರಿಗಳಿಗೆ ಕಿಟಕಿ ಏರಿಸಿಕೊಳ್ಳುವ ಸೌಕರ್ಯವಿಲ್ಲ.

ರಿಪೇರಿಯಲ್ಲಿ ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯಬಾರದು. ಅದು ಮಳೆನೀರಿನ ಜೊತೆ ಕೆರೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಗ್ಯಾರೇಜುಗಳು ಡಬ್ಬಿಯಲ್ಲಿ ಕೂಡಿಟ್ಟು ಅಂಥವರಿಗೆ ಕೊಡಬೇಕು. ಮಾಲೀಕರು ಕೇಳಿ ಖಚಿತಪಡಿಸಿಕೊಳ್ಳಬೇಕು.

ಆಯಿಲ್ ಲೆಕ್ಕ, ಸೋರಿಕೆ, ಹೊಗೆಯ ಬಣ್ಣ, ಅದು ಬರುವ ಹೊತ್ತು, ಪ್ಲಗ್, ಕಂಪ್ರೆಷನ್: ಪರೀಕ್ಷೆ ಈ ಕ್ರಮದಲ್ಲಿ ನಡೆಯಬೇಕು. ಇವು ಮುಗಿಯದೆ ಹೆಡ್ ಇಳಿಸಲು ಮಾಲೀಕರು ಒಪ್ಪಬಾರದು, ಮೆಕ್ಯಾನಿಕ್‌ಗಳು ಹೇಳಬಾರದು. ಮುಗಿದ ಮೇಲೆ ರಿಂಗ್ ಸವೆದಿದೆ ಎಂದು ತಿಳಿದರೆ ರಿಪೇರಿ ಮಾಡಿಸಬೇಕು. ಅದು ಕೈಗೆಟುಕದಿದ್ದರೆ ಆ ಕಾರಿನ ಓಡಾಟ ನಿಲ್ಲಿಸಬೇಕು.