ಮತಪೆಟ್ಟಿಗೆ ಇಲ್ಲದ ಕುರ್ಚಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳಲ್ಲಿ ಚುನಾವಣೆ ಎಂದರೆ ಒಂದು ಜಾತ್ರೆ. ಗ್ರಾಮ ಪಂಚಾಯ್ತಿಯ ಒಂದು ಸ್ಥಾನಕ್ಕೂ ಅಣ್ಣತಮ್ಮಂದಿರು ಎದುರುಬದುರು ನಿಲ್ಲುವುದುಂಟು. ಯಾರು ಗೆದ್ದರು, ಎಷ್ಟು ಮತಗಳಿಂದ ಗೆದ್ದರು ಎಂಬುದು ಶಾಲೆಗೆ ಹೋಗುವ ಹುಡುಗರಿಗೂ ಬಾಯಿಪಾಠ. ಆದರೆ ಅದೇ ಹುಡುಗರನ್ನು, ಅವರ ತಂದೆ ತಾಯಿಗಳನ್ನು, 'ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ ಇಷ್ಟು ರೂಪಾಯಿ ಎಂದು ಗೊತ್ತುಮಾಡುವವರು ಯಾರು?' ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಕೆಲವರು ಲೈನ್‌ಮನ್ ಕಡೆ, ಕೆಲವರು ಸೆಕ್ಷನ್ ಆಫೀಸಿನ ಕಡೆ, ಬಹುಮಂದಿ ಮಂತ್ರಿಗಳ ಕಡೆ ಬೆರಳು ತೋರಿಸುತ್ತಾರೆ. ಈ ಮೂರೂ ಸರಿಯಲ್ಲ.

ಮೂವರ ಕೈಯಲ್ಲಿ ದರ

ಒಂದು ಕಾಲದಲ್ಲಿ ವಿದ್ಯುತ್ತಿನ ದರವೆಲ್ಲ ಸರ್ಕಾರ ಮತ್ತು ವಿದ್ಯುಚ್ಛಕ್ತಿ ಮಂಡಳಿಯ ಮಾತೇ ಆಗಿತ್ತು. 1999ರಲ್ಲಿ ಜಾರಿಗೆ ಬಂದ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯಿಂದ ಈ ವ್ಯವಸ್ಥೆ ಬದಲಾಯಿತು. ಹಳೆಯ ಮಂಡಳಿಯ ಜಾಗಕ್ಕೆ ವಿದ್ಯುತ್ ಪ್ರಸರಣ ನಿಗಮ ಬಂತು. ದರ ನಿಗದಿಯ ಅಧಿಕಾರ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಹೋಯಿತು. ಇಡೀ ದೇಶಕ್ಕೆ ಅನ್ವಯವಾಗುವ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಇಂಥ ಆಯೋಗದಲ್ಲಿ ಅಧ್ಯಕ್ಷರೂ ಸೇರಿ ಮೂವರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. ಕೋಟ್ಯಂತರ ಜನರ ಬಿಲ್ಲು ಈ ಮೂವರ ಸಹಿಯ ಮೇಲೆ ನಿಂತಿದೆ.

2002ರಲ್ಲಿ ವಿತರಣೆಯ ಕೆಲಸವನ್ನು ಕಂಪನಿಗಳಿಗೆ ಹಂಚಲಾಯಿತು. ಅಂದಿನ ಬಳ್ಳಾರಿ ಜಿಲ್ಲೆ ಕಲಬುರಗಿಯಲ್ಲಿ ಮುಖ್ಯ ಕಚೇರಿ ಇರುವ ಜೆಸ್ಕಾಂಗೆ ಸೇರಿತು. 1997ರಲ್ಲೇ ದಾವಣಗೆರೆ ಜಿಲ್ಲೆಗೆ ಹೋಗಿದ್ದ ಹರಪನಹಳ್ಳಿ ಬೆಸ್ಕಾಂ ಪಾಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಐದೂ ತಾಲ್ಲೂಕುಗಳು ಅದಕ್ಕೆ ಸೇರಿದವು. ಕಂಪನಿ ಯಾವುದೇ ಇರಲಿ, ಅದು ತನ್ನಷ್ಟಕ್ಕೆ ತಾನೇ ದರ ಏರಿಸುವಂತಿಲ್ಲ. ಲೆಕ್ಕ ಹಿಡಿದುಕೊಂಡು ಆಯೋಗದ ಮುಂದೆ ನಿಲ್ಲಲೇಬೇಕು.

'ಇನ್ನೂರು ಯೂನಿಟ್‌ವರೆಗೆ ಗೃಹಜ್ಯೋತಿ ಇದೆ, ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲೇ ಇಲ್ಲ, ದರದ ಚಿಂತೆ ಯಾಕೆ?' ಎಂದು ಕೇಳುವವರಿದ್ದಾರೆ. ಉಚಿತ ಎಂದರೆ ಯಾರೂ ಹಣ ಕೊಡುವುದಿಲ್ಲ ಎಂದಲ್ಲ. ಅದನ್ನು ಸರ್ಕಾರ ತೆರಿಗೆಯ ಹಣದಿಂದ ಕಂಪನಿಗೆ ತುಂಬಿಕೊಡುತ್ತದೆ. ಎಷ್ಟು ತುಂಬಬೇಕೆಂಬುದೂ ಆಯೋಗ ಕಟ್ಟಿದ ದರದಿಂದಲೇ ನಿರ್ಧಾರವಾಗುತ್ತದೆ. ಹಿಟ್ಟಿನ ಗಿರಣಿ, ಝೆರಾಕ್ಸ್ ಅಂಗಡಿ, ವೆಲ್ಡಿಂಗ್ ಶೆಡ್ಡಿನವರಿಗಂತೂ ಪ್ರತಿ ಪೈಸೆಯೂ ಲೆಕ್ಕಕ್ಕೆ ಬರುತ್ತದೆ. 2025ರಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆ ಹೆಚ್ಚುವರಿ ಶುಲ್ಕ ಬಂದಾಗ ಇಂಥವರಿಗೆ ಅದರ ಬಿಸಿ ತಟ್ಟಿತು. ಹರಪನಹಳ್ಳಿ ಕಡೆ ನಿಂತಿರುವ ಗಾಳಿಯಂತ್ರಗಳಂಥವುಗಳಿಂದ ಕಂಪನಿಗಳು ವಿದ್ಯುತ್ ಕೊಳ್ಳುವ ಒಪ್ಪಂದಗಳ ಮೇಲೂ ಆಯೋಗದ ಕಣ್ಣಿರುತ್ತದೆ.

ಉಮೇದುವಾರರಿಗೆ ಪ್ರಚಾರವಿಲ್ಲ

ಇಷ್ಟು ದೊಡ್ಡ ಕುರ್ಚಿಗೆ ಉಮೇದುವಾರರಾಗುವುದು ಹೇಗೆ? ಬ್ಯಾನರ್ ಇಲ್ಲ, ಭಾಷಣವಿಲ್ಲ, ಮತಪೆಟ್ಟಿಗೆಯೂ ಇಲ್ಲ. ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು ಅಥವಾ ಆಡಳಿತ ನಿರ್ವಹಣೆ, ಇವುಗಳಲ್ಲಿ ಸಾಕಷ್ಟು ತಿಳಿವಳಿಕೆ ಮತ್ತು ಅನುಭವ ಇರಬೇಕು ಎನ್ನುತ್ತದೆ ಕಾಯ್ದೆ. ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು ಅಧ್ಯಕ್ಷತೆ ವಹಿಸುವ ಮೂವರ ಸಮಿತಿಯೊಂದು ಆಯ್ಕೆ ನಡೆಸುತ್ತದೆ. ರಾಜ್ಯದ ಮುಖ್ಯ ಕಾರ್ಯದರ್ಶಿ ಅದರಲ್ಲಿ ಒಬ್ಬರು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಥವಾ ಕೇಂದ್ರ ಆಯೋಗದ ಅಧ್ಯಕ್ಷರು ಇನ್ನೊಬ್ಬರು. ಒಂದು ಖಾಲಿ ಸ್ಥಾನಕ್ಕೆ ಈ ಸಮಿತಿ ಎರಡು ಹೆಸರು ಸೂಚಿಸುತ್ತದೆ. ಹೆಸರು ಸೂಚಿಸುವ ಮೊದಲು ಆ ವ್ಯಕ್ತಿಗೆ ಕೆಲಸಕ್ಕೆ ಅಡ್ಡಬರುವಂಥ ಹಣಕಾಸಿನ ಅಥವಾ ಬೇರೆ ಹಿತಾಸಕ್ತಿ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಎರಡರಲ್ಲಿ ಒಂದನ್ನು ಆರಿಸಿ ನೇಮಿಸುವುದು ಸರ್ಕಾರ.

ಅಧಿಕಾರದ ಅವಧಿ ಐದು ವರ್ಷ. ಅದೇ ಆಯೋಗದಲ್ಲಿ ಅದೇ ಹುದ್ದೆಗೆ ಎರಡನೆಯ ಸಲ ನೇಮಕವಿಲ್ಲ. ಅರವತ್ತೈದು ತುಂಬಿದ ಮೇಲೆ ಮುಂದುವರಿಯುವಂತಿಲ್ಲ. ಕುರ್ಚಿ ಬಿಟ್ಟ ನಂತರ ಎರಡು ವರ್ಷ ವಾಣಿಜ್ಯ ನೌಕರಿ ಹಿಡಿಯುವಂತಿಲ್ಲ. ಇಂದು ತೀರ್ಪು ಕೊಟ್ಟು ನಾಳೆ ಅದೇ ಕಂಪನಿಯ ಸಂಬಳ ಎಣಿಸಬಾರದೆಂಬುದು ಇದರ ಹಿಂದಿನ ವಿವೇಕ. ಆಯೋಗದಲ್ಲಿ ಕಾನೂನು ಬಲ್ಲ ಒಬ್ಬರಾದರೂ ಇರಲೇಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ತೀರ್ಪಿತ್ತಿತು.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಈ ಹುದ್ದೆ ನಿವೃತ್ತ ಹಿರಿಯ ಅಧಿಕಾರಿಗಳ ಪಾಲಾಗುವುದು ದೇಶದ ಹಲವು ರಾಜ್ಯಗಳಲ್ಲಿ ಕಂಡುಬರುವ ಸಂಗತಿ. ಕರ್ನಾಟಕದಲ್ಲಿಯೂ ಮುಖ್ಯ ಕಾರ್ಯದರ್ಶಿಯಾಗಿದ್ದ ಪಿ. ರವಿಕುಮಾರ್ ನಿವೃತ್ತಿಯ ಬಳಿಕ ಆಯೋಗದ ಅಧ್ಯಕ್ಷರಾದರು. ಆಡಳಿತದ ಅನುಭವ ದೊಡ್ಡ ಆಸ್ತಿ ಎಂಬುದು ನಿಜ. ಆದರೆ ಅದರ ಜೊತೆಗೆ, ರಾತ್ರಿ ಮೂರು ಗಂಟೆಗೆ ತ್ರೀಫೇಸ್ ಬಂತೆಂದು ಎದ್ದು ಹೊಲಕ್ಕೆ ಓಡುವ ರೈತನ ಕಷ್ಟವನ್ನು ಅವರ ಮುಂದಿಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಅಮೆರಿಕದಲ್ಲಿ ಮತದಾನ

ಇದೇ ಕುರ್ಚಿಗೆ ಚುನಾವಣೆ ನಡೆಸುವ ನಾಡುಗಳೂ ಇವೆ. ಅಮೆರಿಕದ ಸುಮಾರು ಹತ್ತು ರಾಜ್ಯಗಳಲ್ಲಿ ಇಂಥ ಆಯೋಗದ ಸದಸ್ಯರನ್ನು ಜನರೇ ಆರಿಸುತ್ತಾರೆ. ಜಾರ್ಜಿಯಾ ಅವುಗಳಲ್ಲಿ ಒಂದು. ಅಲ್ಲಿನ ವೋಗಲ್ ಅಣುಸ್ಥಾವರದ ಎರಡು ಹೊಸ ಘಟಕಗಳ ವೆಚ್ಚ ಅಂದಾಜು ಮೀರಿ ಮೂರು ಸಾವಿರ ಕೋಟಿ ಡಾಲರ್ ದಾಟಿತು. ಆ ಹೊರೆಯ ದೊಡ್ಡ ಪಾಲು ಗ್ರಾಹಕರ ಬಿಲ್ಲಿಗೇ ಬಂತು. 2025ರ ನವೆಂಬರಿನಲ್ಲಿ ಎರಡು ಸ್ಥಾನಗಳಿಗೆ ಚುನಾವಣೆ ನಡೆದಾಗ ಅಲಿಸಿಯಾ ಜಾನ್ಸನ್ ಮತ್ತು ಪೀಟರ್ ಹಬಾರ್ಡ್ ಎಂಬಿಬ್ಬರು ಉಮೇದುವಾರರು ಈ ಬಿಲ್ಲನ್ನೇ ಮುಖ್ಯ ವಿಷಯ ಮಾಡಿಕೊಂಡರು. ಕುರ್ಚಿಯಲ್ಲಿದ್ದ ಇಬ್ಬರನ್ನು ನೂರಕ್ಕೆ ಅರವತ್ತರಷ್ಟು ಮತ ಪಡೆದು ಸೋಲಿಸಿದರು. ಅಲ್ಲಿಯವರೆಗೆ ಆಯೋಗದ ಐದೂ ಸ್ಥಾನಗಳು ಒಂದೇ ಪಕ್ಷದ ಕೈಯಲ್ಲಿದ್ದವು.

ಹಾಗಾದರೆ ಇಲ್ಲಿಯೂ ಚುನಾವಣೆ ನಡೆದರೆ ಚೆನ್ನಲ್ಲವೇ? ಅವಸರದಲ್ಲಿ ಹೌದೆನ್ನಬಾರದು. ಚುನಾವಣೆ ಬಂದಲ್ಲಿ ಖರ್ಚೂ ಬರುತ್ತದೆ. ಖರ್ಚು ಕೊಡುವವರೂ ಹುಟ್ಟಿಕೊಳ್ಳುತ್ತಾರೆ. ಅರಿಜೋನಾ ರಾಜ್ಯದಲ್ಲಿ 2014ರ ಇಂಥದೇ ಚುನಾವಣೆಯ ಹೊತ್ತಿಗೆ ಅಲ್ಲಿನ ವಿದ್ಯುತ್ ಕಂಪನಿಯ ಮಾತೃಸಂಸ್ಥೆ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದದ್ದು 2019ರಲ್ಲಿ ಬಹಿರಂಗವಾಯಿತು. ಯಾರ ಮೇಲೆ ತೀರ್ಪು ಕೊಡಬೇಕೋ ಅವರ ಹಣದಿಂದಲೇ ಗೆದ್ದರೆ ಆ ತೀರ್ಪಿಗೆ ಬೆಲೆ ಉಳಿಯುವುದಿಲ್ಲ. ಆರಿಸಿದರೆ ಹಣದ ಭಯ, ನೇಮಿಸಿದರೆ ಜನರಿಂದ ದೂರವಾಗುವ ಭಯ. ಎರಡಕ್ಕೂ ಮದ್ದು ಒಂದೇ: ಗ್ರಾಹಕ ಎಚ್ಚರವಾಗಿರುವುದು.

ಖಾಲಿ ಬಿಡಬಾರದ ಇನ್ನೊಂದು ಕುರ್ಚಿ

ಮತ ಹಾಕುವ ಹಕ್ಕು ಕೊಡದ ಕಾಯ್ದೆ ಮಾತಾಡುವ ಹಕ್ಕು ಕೊಟ್ಟಿದೆ. ಕಂಪನಿ ದರ ಏರಿಕೆಗೆ ಅರ್ಜಿ ಹಾಕಿದರೆ ಅದರ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಿದ ನಂತರವೇ ಆಯೋಗ ಆದೇಶ ಹೊರಡಿಸಬೇಕು. ಅದಕ್ಕೆ ನೂರಿಪ್ಪತ್ತು ದಿನಗಳ ಗಡುವು ಇದೆ. ಬಹಿರಂಗ ವಿಚಾರಣೆಯಲ್ಲಿ ರೈತನಾಗಲಿ, ಅಂಗಡಿಯವನಾಗಲಿ, ಗೃಹಿಣಿಯಾಗಲಿ ಎದ್ದು ನಿಂತು ಮಾತಾಡಬಹುದು. ಅಲ್ಲಿ ಹೇಳಿದ ಮಾತು, ಅದಕ್ಕೆ ಕಂಪನಿ ಕೊಟ್ಟ ಉತ್ತರ, ಎರಡಕ್ಕೂ ಆದೇಶದಲ್ಲಿ ಜಾಗ ಸಿಗುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ ನಲವತ್ತೈದು ದಿನಗಳೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ದಾರಿಯೂ ಇದೆ.

ಕೂಡ್ಲಿಗಿಯ ಬೋರ್‌ವೆಲ್ ರೈತನಿಗೆ, ಹಡಗಲಿಯ ಮಲ್ಲಿಗೆ ಬೆಳೆಗಾರನಿಗೆ ಕಲಬುರಗಿಯಾಗಲಿ ಬೆಂಗಳೂರಾಗಲಿ ದೂರದ ಊರೇ. ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಎರಡೂ ಕೈಬಿಡುತ್ತವೆ. ಆದ್ದರಿಂದ ವಿಚಾರಣೆಯಲ್ಲಿ ಸಾಮಾನ್ಯ ಗ್ರಾಹಕನ ಕುರ್ಚಿ ಖಾಲಿ ಉಳಿಯುವ ಅಪಾಯ ಸದಾ ಇದ್ದೇ ಇದೆ. ಅದನ್ನು ತುಂಬಲು ಲಿಖಿತ ಆಕ್ಷೇಪಣೆ ನೆರವಾಗುತ್ತದೆ. ಹತ್ತಾರು ಮಂದಿ ಸೇರಿ ಒಂದು ಅರ್ಜಿ ಬರೆಯಬಹುದು. 'ಬಡವರು, ದರ ಏರಿಸಬೇಡಿ' ಎಂಬ ಗೋಳಿಗಿಂತ, ಯಾವ ತಿಂಗಳು ಎಷ್ಟು ಗಂಟೆ ಕರೆಂಟ್ ಇರಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ ಎಷ್ಟು ದಿನಕ್ಕೆ ಬದಲಾಯಿತು ಎಂಬ ಲೆಕ್ಕಕ್ಕೆ ಹೆಚ್ಚು ತೂಕ.

ಇಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಪರೀಕ್ಷೆಯ ಕಾಲದಲ್ಲಿ ದೀಪ ಆರಿದಾಗ ಬೈದು ಸುಮ್ಮನಾಗುವ ಬದಲು ದಿನಾಂಕ, ವೇಳೆಯನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿಟ್ಟರೆ ಅದೇ ಒಂದು ದಾಖಲೆ. ಬಿಲ್ಲನ್ನು ಮೇಜಿನ ಮೇಲಿಟ್ಟು ಕಂಪನಿಯ ಹೆಸರು, ನಿಗದಿತ ಶುಲ್ಕ, ಯೂನಿಟ್ ದರ, ತೆರಿಗೆ ಎಂದು ಬಿಡಿಸಿ ಓದಿದರೆ ಅರ್ಥಶಾಸ್ತ್ರದ ಒಂದು ಪಾಠ ಮನೆಯಲ್ಲೇ ಆಗುತ್ತದೆ. ಓದಲು ಬಾರದ ಅಜ್ಜನಿಗೆ ಮೊಮ್ಮಗಳು ಪತ್ರಿಕೆಯ ಪ್ರಕಟಣೆ ಓದಿ ಹೇಳಬಹುದು. ಅಜ್ಜ ಹೇಳಿದ್ದನ್ನು ಆಕ್ಷೇಪಣೆಯಾಗಿ ಬರೆದುಕೊಡಬಹುದು.

ಮಕ್ಕಳು ಡಾಕ್ಟರ್ ಅಥವಾ ಎಂಜಿನಿಯರ್ ಆಗಲೆಂದು ಹರಕೆ ಹೊರುವ ಪಾಲಕರು ಇನ್ನೊಂದು ಮಾತನ್ನೂ ನೆನಪಿಡಬೇಕು. ಆಯೋಗದ ಕುರ್ಚಿಗೆ ಕಾಯ್ದೆ ಹೇಳಿದ ಆರು ವಿದ್ಯೆಗಳಲ್ಲಿ ವಾಣಿಜ್ಯವಿದೆ, ಅರ್ಥಶಾಸ್ತ್ರವಿದೆ, ಕಾನೂನಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಿ.ಕಾಂ. ಓದುವ ಹುಡುಗಿಗೂ, ಕೊಟ್ಟೂರಿನಿಂದ ಕಾನೂನು ಓದಲು ಹೋಗುವ ಹುಡುಗನಿಗೂ ಆ ಬಾಗಿಲು ಮುಚ್ಚಿಲ್ಲ. ಅಲ್ಲಿಗೆ ತಲುಪಲು ಮೂವತ್ತು ವರ್ಷ ಬೇಕಾದೀತು. ಆಕ್ಷೇಪಣೆ ಬರೆಯಲು ಮಾತ್ರ ಒಂದು ಹಾಳೆ, ಒಂದು ಪೆನ್ನು, ಒಂದು ಸಂಜೆ ಸಾಕು.