ಪಟ್ಟಿಗೆ ಸೇರಿದ ಇನ್ಸುಲಿನ್, ಬೀಗ ಬಿದ್ದ ಕಾರ್ಖಾನೆ

ಹೈದರಾಬಾದಿನ ಬಾಲಾನಗರದಲ್ಲಿ ಐಡಿಪಿಎಲ್ ಈಗ ಕಾಲೊನಿಯ ಹೆಸರು, ಅಷ್ಟೇ. 1961ರಲ್ಲಿ ಸ್ಥಾಪನೆಯಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಲಿಮಿಟೆಡ್ ಸೋವಿಯತ್ ನೆರವಿನಿಂದ ಇಲ್ಲಿ ಔಷಧ ಘಟಕ ಕಟ್ಟಿತ್ತು. ಡಾ. ರೆಡ್ಡೀಸ್ ಸ್ಥಾಪಿಸಿದ ಅಂಜಿ ರೆಡ್ಡಿಯವರೂ ಮೊದಲು ದುಡಿದದ್ದು ಈ ಕಂಪನಿಯಲ್ಲೇ. 2016ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿತು.

2022ರ ಸೆಪ್ಟೆಂಬರಿನಲ್ಲಿ ಅದೇ ಕೇಂದ್ರ ಸರ್ಕಾರ, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಗ್ಲಾರ್ಜಿನ್ ಅನ್ನು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಪಟ್ಟಿ ಬೆಲೆಗೊಂದು ಮಿತಿ ಹಾಕಬಲ್ಲದು. ಔಷಧವನ್ನು ಸರ್ಕಾರಿ ಆಸ್ಪತ್ರೆಯ ಫ್ರಿಜ್ಜಿಗೆ ತಂದಿಡಲಾರದು.

ಹಳೆಯ ಎನ್‌ಪಿಎಚ್ ಇನ್ಸುಲಿನ್ ಚುಚ್ಚಿಕೊಂಡ ಕೆಲವು ಗಂಟೆಗಳಲ್ಲಿ ಏರಿ, ಆಮೇಲೆ ಇಳಿಯುತ್ತದೆ. ರಾತ್ರಿ ತೆಗೆದುಕೊಂಡರೆ ಅದರ ಬಿರುಸು ಬೀಳುವುದು ನಡುರಾತ್ರಿಗೆ. ನಿದ್ದೆಯಲ್ಲೇ ಸಕ್ಕರೆ ಇಳಿದು, ಬೆವರಿ ನಡುಗುತ್ತ ಎದ್ದು ಬೆಲ್ಲದ ಡಬ್ಬಿ ಹುಡುಕುವವರನ್ನು ಮನೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗ್ಲಾರ್ಜಿನ್ ಚರ್ಮದಡಿ ಸಣ್ಣ ಕಣಗಳಾಗಿ ಕೂತು ಸುಮಾರು 24 ಗಂಟೆ ಹೆಚ್ಚುಕಡಿಮೆ ಸಮನಾಗಿ ಜಿನುಗುತ್ತದೆ. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ತೆಗೆದುಕೊಂಡರಾಯಿತು. ರಾತ್ರಿ ಸಕ್ಕರೆ ಕುಸಿಯುವ ಭಯ ಪೂರ್ತಿ ಹೋಗದಿದ್ದರೂ ಕಡಿಮೆಯಾಗುತ್ತದೆ. ಬಾಲಾನಗರದ ವರ್ಕ್‌ಶಾಪಿನಲ್ಲಿ ರಾತ್ರಿ ಪಾಳಿಗೆ ಲೇತ್ ಮುಂದೆ ನಿಲ್ಲುವವನ ಕೈ ನಡುಗಿದರೆ ಏನಾದೀತು?

ಎಲ್ಲರಿಗೂ ಗ್ಲಾರ್ಜಿನ್ನೇ ಬೇಕೆಂದಲ್ಲ. ಹಳೆಯದರಲ್ಲೇ ಸುಖವಾಗಿರುವವರು ಬಹಳ ಮಂದಿ. ಆದರೆ ಯಾರಿಗೆ ಯಾವುದು ಎಂದು ವೈದ್ಯರು ನಿರ್ಧರಿಸಬೇಕು, ರೋಗಿಯ ಜೇಬಲ್ಲ.

ಖಾಸಗಿಯವರು ತಯಾರಿಸುತ್ತಿಲ್ಲವೇ ಎನ್ನುವವರಿದ್ದಾರೆ. ತಯಾರಿಸುತ್ತಿದ್ದಾರೆ. ಬೆಂಗಳೂರಿನ ಬಯೋಕಾನ್ 2009ರಲ್ಲೇ ಗ್ಲಾರ್ಜಿನ್ ಅನ್ನು ಮಾರುಕಟ್ಟೆಗೆ ತಂದಿತು. ಲ್ಯಾಂಟಸ್ ಬದಲಿಗೆ ಅದರ ಗ್ಲಾರ್ಜಿನ್ ಕೊಡಬಹುದೆಂದು ಅಮೆರಿಕದ ಎಫ್‌ಡಿಎ 2021ರಲ್ಲಿ ಒಪ್ಪಿತು. ಅಂದಮೇಲೆ ವಿದ್ಯೆಗೆ ಕೊರತೆಯಿಲ್ಲ. ಕೊರತೆ ಇರುವುದು ಹೊಣೆಗೆ. ಮುಕ್ತ ಮಾರುಕಟ್ಟೆಯ ತವರಾದ ಅಮೆರಿಕದಲ್ಲೇ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಸರ್ಕಾರದ್ದೇ ಹೆಸರಿನ ಇನ್ಸುಲಿನ್‌ಗಾಗಿ ಐದು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ನಾವೋ, ಇದ್ದ ಸರ್ಕಾರಿ ಕಾರ್ಖಾನೆಗೆ ಬೀಗ ಜಡಿದು ಪಟ್ಟಿ ಬರೆಯುತ್ತ ಕೂತಿದ್ದೇವೆ.

ಐಡಿಪಿಎಲ್‌ನ ಹಳೆಯ ರಿಯಾಕ್ಟರುಗಳಲ್ಲಿ ಇನ್ಸುಲಿನ್ ಆಗುತ್ತಿರಲಿಲ್ಲ, ನಿಜ. ಸೂಕ್ಷ್ಮಾಣು ಬೆಳೆಸಿ ತೆಗೆಯುವ ಅದಕ್ಕೆ ಬೇರೆಯೇ ಘಟಕ ಬೇಕು. ಕಟ್ಟುವುದು ಇವತ್ತಾಗದಿದ್ದರೆ ರಾಜ್ಯಗಳು ಕೂಡಿ ಸಗಟಾಗಿ ಕೊಳ್ಳಲಿ. ತಂಪಾಗಿಡುವುದು ಕಷ್ಟ ಎಂಬ ನೆಪ ಬೇಡ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ತಲುಪಿಸುತ್ತಿರುವುದು ಇದೇ ಸರ್ಕಾರಗಳು. ಇನ್ಸುಲಿನ್ ಕೇಳುವುದೂ ಅಷ್ಟೇ ಡಿಗ್ರಿ.