119 ಅಂದರೆ ಎಷ್ಟಕ್ಕೆ ಎಷ್ಟು?

ಹೋದ ವರ್ಷ ಅಕ್ಟೋಬರ್ ತಿಂಗಳ ಒಂದು ರಾತ್ರಿ. ಗಂಟೆ ಎಂಟೂವರೆ, ಊಟಕ್ಕೆ ಕೂರುವ ಹೊತ್ತು. ಇಂಗ್ಲೆಂಡಿನಿಂದ ಮಗಳ ವಿಡಿಯೋ ಕರೆ ಬಂತು. ಅಲ್ಲಿ ಆಗಿನ್ನೂ ಸಂಜೆ ನಾಲ್ಕು. ಮೊಮ್ಮಗಳು ಪುಟ್ಟಿಯ ಪರೀಕ್ಷೆಯ ಫಲಿತಾಂಶ ಅಂದು ಬರುವುದಿತ್ತು.

“ಎಷ್ಟು ಬಂತಮ್ಮ?” ಅಂದೆ.

“ನೂರಾ ಹತ್ತೊಂಬತ್ತು, ಅಪ್ಪ.”

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 125 ಅಂಕ. ನನ್ನ ತಲೆಯಲ್ಲಿ ಕೂತಿದ್ದು ಅದೇ. “ಭೇಷ್! ಆರೇ ಅಂಕ ಹೋಗಿರೋದು!” ಅಂತ ಕೂಗಿದೆ. ನಮ್ಮಾಕೆ ದೇವರ ಮುಂದೆ ಇಡಲು ಸಕ್ಕರೆ ಡಬ್ಬ ತರಲು ಹೊರಟೇಬಿಟ್ಟಳು. ಅತ್ತ ಮಗಳ ಮುಖದಲ್ಲಿ ನಗುವಿರಲಿಲ್ಲ.

“ಅಪ್ಪ, 121 ಬೇಕಿತ್ತು.”

“ಅಯ್ಯೋ, ಎರಡೇ ಎರಡು!” ಅಂದೆ. ಆ ಮಾತು ಬಾಯಿಂದ ಬಿದ್ದಾಗ ಪುಟ್ಟಿ ಬಾಗಿಲ ಹಿಂದೆ ನಿಂತಿದ್ದಳಂತೆ. ಅದು ನನಗೆ ತಿಳಿದದ್ದು ಆಮೇಲೆ. ಅವತ್ತಿನಿಂದ ಮೂರು ಭಾನುವಾರ ಅವಳು ನನ್ನ ಕರೆಗೆ ಬರಲಿಲ್ಲ.

ಮಕ್ಕಳನ್ನು ಪರದೇಶಕ್ಕೆ ಕಳಿಸಿ ಇಲ್ಲಿ ಫೋನು ಹಿಡಿದು ಕೂತಿರುವ ನನ್ನಂಥ ಅಜ್ಜ-ಅಜ್ಜಿಯರು ಬಹಳ ಮಂದಿ ಇದ್ದೀರಿ. ಆ ಎರಡು ಅಂಕದ ಕಥೆ ನಿಮಗೂ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ 163 ಗ್ರಾಮರ್ ಸ್ಕೂಲುಗಳಿವೆ. ಸರ್ಕಾರದವೇ, ಫೀಸಿಲ್ಲ. ಆದರೆ ಪರೀಕ್ಷೆ ಮಾಡಿ ಆಯ್ದ ಮಕ್ಕಳಿಗೆ ಮಾತ್ರ ಪ್ರವೇಶ. 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದರ ವಯಸ್ಸಿಗೆ ಮಕ್ಕಳನ್ನು ವಿಂಗಡಿಸುವ ಪದ್ಧತಿ ದೇಶದ ಬಹುಪಾಲು ಕಡೆ ಇತ್ತು. ಇಷ್ಟು ಚಿಕ್ಕ ವಯಸ್ಸಿಗೇ ಜರಡಿ ಹಿಡಿಯುವುದು ಸರಿಯಲ್ಲವೆಂದು 1965ರಲ್ಲಿ ಅಲ್ಲಿನ ಸರ್ಕಾರ ಎಲ್ಲರಿಗೂ ಒಂದೇ ಬಗೆಯ ಶಾಲೆ ಮಾಡುವಂತೆ ಸುತ್ತೋಲೆ ಹೊರಡಿಸಿತು. ಬಹಳ ಕಡೆ ಹಾಗೇ ಆಯಿತು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಂಥ ಕೆಲವು ಕಡೆ ಹಳೆಯ ಪದ್ಧತಿ ಉಳಿಯಿತು. 1998ರ ಕಾಯ್ದೆಯ ಪ್ರಕಾರ ಹೊಸ ಗ್ರಾಮರ್ ಸ್ಕೂಲು ತೆರೆಯುವಂತಿಲ್ಲ. ಹಾಗಾಗಿ ಇರುವ ಸೀಟಿಗೇ ನೂಕುನುಗ್ಗಲು. ಈ ಪರೀಕ್ಷೆಗೆ ಅಲ್ಲಿನವರು ‘ಇಲೆವೆನ್ ಪ್ಲಸ್’ ಅನ್ನುತ್ತಾರೆ. ನನ್ನ ಮಗಳು ಇರುವುದು ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ.

ಈಗ ಲೆಕ್ಕಕ್ಕೆ ಬರೋಣ. 119 ಅನ್ನುವುದು ಎಷ್ಟಕ್ಕೆ ಎಷ್ಟು?

ಯಾವುದಕ್ಕೂ ಅಲ್ಲ! ಅದು ಸರಿ ಉತ್ತರಗಳ ಎಣಿಕೆಯೇ ಅಲ್ಲ. ಎಷ್ಟು ಉತ್ತರ ಸರಿ ಎಂದು ಮೊದಲು ಎಣಿಸುತ್ತಾರೆ. ಆಮೇಲೆ ಅದೇ ಪರೀಕ್ಷೆ ಬರೆದ ಬೇರೆ ಮಕ್ಕಳ ನಡುವೆ ಈ ಮಗು ಎಲ್ಲಿ ನಿಂತಿದೆ ಎಂದು ನೋಡಿ ಒಂದು ಹೊಸ ಸಂಖ್ಯೆ ಕೊಡುತ್ತಾರೆ. ಸಾಮಾನ್ಯ ಪದ್ಧತಿಯಲ್ಲಿ ನಟ್ಟನಡುವೆ ಇರುವವರಿಗೆ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಇರುತ್ತಾರೆ. ಅಂದರೆ ಇದು ಅಂಕವಲ್ಲ, ಸಾಲಿನಲ್ಲಿ ನಿಂತ ಜಾಗ.

ಇದರಲ್ಲಿ ವಯಸ್ಸಿನ ಲೆಕ್ಕವೂ ಸೇರಿರುತ್ತದೆ. ಅಲ್ಲಿ ಶಾಲೆಯ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಒಂದೇ ತರಗತಿಯಲ್ಲಿ ಸೆಪ್ಟೆಂಬರಿನಲ್ಲಿ ಹುಟ್ಟಿದ ಮಗುವಿಗೂ ಆಗಸ್ಟಿನಲ್ಲಿ ಹುಟ್ಟಿದ ಮಗುವಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹತ್ತು ವರ್ಷದ ಮಕ್ಕಳಿಗೆ ಒಂದು ವರ್ಷ ಸಣ್ಣದಲ್ಲ. ನಮ್ಮೂರ ಶಾಲೆಯ ಓಟದ ಪಂದ್ಯದಲ್ಲಿ ಚಿಕ್ಕವರನ್ನು ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸುತ್ತಿದ್ದೆವಲ್ಲ, ಹಾಗೆ. ಇಬ್ಬರೂ ಅಷ್ಟೇ ಉತ್ತರ ಸರಿ ಬರೆದಿದ್ದರೂ ಚಿಕ್ಕ ಮಗುವಿಗೆ ಸ್ವಲ್ಪ ಹೆಚ್ಚಿನ ಸಂಖ್ಯೆ ಬರುತ್ತದೆ.

ಮಗಳು ಅಳಿಯ ಇದನ್ನೆಲ್ಲ ತಿಳಿದುಕೊಳ್ಳುವ ಮೊದಲೇ ಫೋನಿನಲ್ಲಿ ಊರವರ ಲೆಕ್ಕ ಶುರುವಾಗಿತ್ತು. ಸ್ಲೌ ಊರಿನಲ್ಲಿರುವ ಪರಿಚಯದವರ ಮಗನಿಗೆ 113 ಬಂದು, ಅವರ ಮನೆಯಲ್ಲಿ ಹಬ್ಬ. ಕೆಂಟ್‌ನಲ್ಲಿರುವ ಇನ್ನೊಬ್ಬರ ಮಗಳಿಗೆ 340! ಇವರ ಮನೆಯಲ್ಲಿ 119 ಬಂದು ಅಳು. ನಮ್ಮ ಅಳಿಯ ಲೆಕ್ಕಪತ್ರ ನೋಡುವ ಕೆಲಸದವರು. ಅವರೇ ತಲೆ ಕೆರೆದುಕೊಂಡರು.

ವಿಷಯ ಇಷ್ಟೇ. ಒಂದೊಂದು ಪ್ರಾಂತ್ಯದ ಪರೀಕ್ಷೆ ಬೇರೆ, ಬರೆಯುವ ಮಕ್ಕಳ ಗುಂಪು ಬೇರೆ, ಗೆರೆಯೂ ಬೇರೆ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಗೆರೆ 121. ಸ್ಲೌನಲ್ಲಿ 111. ಕೆಂಟ್‌ನಲ್ಲಿ ಇಂಗ್ಲಿಷ್, ಗಣಿತ, ತರ್ಕ ಮೂರನ್ನೂ ಕೂಡಿಸಿ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಒಟ್ಟು 332 ಬೇಕಿತ್ತು, ಯಾವುದೊಂದರಲ್ಲೂ ಗೊತ್ತುಪಡಿಸಿದ ಕನಿಷ್ಠಕ್ಕಿಂತ ಕಡಿಮೆ ಇರುವಂತಿರಲಿಲ್ಲ. ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರ ಪಕ್ಕ ಇಡುವುದೆಂದರೆ ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಮೊಳದಲ್ಲಿ ಅಳೆದ ಹೂವನ್ನೂ ಹೋಲಿಸಿದಂತೆ.

ಇನ್ನೊಂದು ಮಾತು. ಗೆರೆ ದಾಟಿದ ಮಾತ್ರಕ್ಕೆ ಸೀಟು ಸಿಕ್ಕಿತೆಂದಲ್ಲ. ಅಕ್ಟೋಬರ್ 31ರೊಳಗೆ ಅರ್ಜಿಯಲ್ಲಿ ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು. ಮಾರ್ಚ್ 1ರಂದು ಉತ್ತರ ಬರುತ್ತದೆ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಕೆಲವು ಶಾಲೆಗಳು ಮನೆಯ ದೂರ ನೋಡುತ್ತವೆ. ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದಾರಾ ಎಂದೂ ನೋಡುವುದುಂಟು. ಕೆಲವು ಶಾಲೆಗಳು ಮೇಲಿನ ಸಂಖ್ಯೆಯವರಿಂದ ಕೆಳಗೆ ಆರಿಸುತ್ತಾ ಬರುತ್ತವೆ. 113 ಬಂದ ಮನೆಯವರ ಹಬ್ಬವೂ ಮಾರ್ಚ್‌ವರೆಗೆ ಅರ್ಧ ಹಬ್ಬವೇ.

ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಗೆರೆ ತಪ್ಪಿದವರು ಮರುಪರಿಶೀಲನೆ ಕೇಳಬಹುದು. ಮಗುವಿನ ಶಾಲೆಯ ಮುಖ್ಯೋಪಾಧ್ಯಾಯರು ತರಗತಿಯ ಕಲಿಕೆಯ ಬಗ್ಗೆ ಬರೆದುಕೊಡಬೇಕು. ಪರೀಕ್ಷೆಯ ಹೊತ್ತಿಗೆ ಕಾಯಿಲೆಯೋ ಸಾವುನೋವೋ ಆಗಿದ್ದರೆ ಅದನ್ನೂ ಹೇಳಬಹುದು. ನಮ್ಮ ಮನೆಯಲ್ಲಿ ಇದರ ಮೇಲೇ ಚರ್ಚೆ. ಅಳಿಯ ಕೇಳೋಣ ಅಂದರು. ಮಗಳು ಸುಮ್ಮನಿದ್ದಳು. ನಾನು, ಬಿಡಿ, ಕೇಳಲೇಬೇಕು ಅಂತ ಇಲ್ಲಿಂದಲೇ ಹಟ ಹಿಡಿದೆ. ಯಾವ ಪರೀಕ್ಷೆಯೂ ಔನ್ಸು ತೂಗುವ ತಕ್ಕಡಿಯಲ್ಲ. ಅದೇ ಮಗು ಮರುವಾರ ಬರೆದರೆ 119 ಹೋಗಿ 122 ಆಗಬಹುದು, 116ಕ್ಕೆ ಇಳಿಯಲೂಬಹುದು. ಅದನ್ನು ಬಲ್ಲ ನಾನೇ ಆ ಎರಡು ಅಂಕವನ್ನು ಹಿಡಿದು ಜಗ್ಗುತ್ತಿದ್ದೆ.

ಆಗ ನಮ್ಮಾಕೆ ಕೇಳಿದಳು: “ರೀ, ಪುಟ್ಟಿ ಏನಂತಾಳೆ ಅಂತ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ನಾಲ್ಕನೇ ಭಾನುವಾರ ಅವಳನ್ನು ಬೇಡಿಕೊಂಡು ಕರೆಸಿದೆ. ನಾನು ಅವತ್ತು “ಅಯ್ಯೋ” ಅಂದದ್ದು ತಪ್ಪು ಅಂತ ಒಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

“ತಾತ, 119 ಅಂದ್ರೆ ನಾನು ದಡ್ಡೀನಾ?”

ಅಲ್ಲ ಎಂದೆ. ಸಾಲಿನಲ್ಲಿ ನಿಂತ ಜಾಗದ ಮಾತು, ಓಟದ ಪಂದ್ಯದ ಮಾತು ಎಲ್ಲ ಹೇಳಿದೆ. ಪುಟ್ಟಿ ಹುಟ್ಟಿದ್ದು ಆಗಸ್ಟ್ ಕೊನೆಯ ವಾರ. ಪೂರ್ತಿ ಕೇಳಿಸಿಕೊಂಡು ಅಂದಳು: “ಹಾಗಾದ್ರೆ ನನ್ನನ್ನ ನಾಲ್ಕು ಹೆಜ್ಜೆ ಮುಂದೆ ನಿಲ್ಸಿದ್ರೂ ನಾನು ಸೋತೆ, ಅಲ್ವಾ?”

ಮೂವತ್ತು ವರ್ಷದಲ್ಲಿ ನನ್ನನ್ನು ಹೀಗೆ ಕಟ್ಟಿಹಾಕಿದ ಮಕ್ಕಳು ಕಡಿಮೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಹೌದು ಪುಟ್ಟಿ, ಆ ದಿನದ ಆ ಓಟದಲ್ಲಿ ಎರಡು ಹೆಜ್ಜೆ ಹಿಂದೆ ಬಿದ್ದೆ. ಅಷ್ಟು ಮಾತ್ರ ನಿಜ. ಅದಕ್ಕಿಂತ ಹೆಚ್ಚಿನದನ್ನು ಆ ಸಂಖ್ಯೆ ಹೇಳೋದಿಲ್ಲ” ಅಂದೆ.

“ಅಮ್ಮನಿಗೂ ಹೇಳಿ ತಾತ” ಅಂದಳು.

ಮಗಳಿಗೆ ಹೇಳಿದೆ. ಅವಳು ಅತ್ತಳು. ಆರು ತಿಂಗಳಿಂದ ಶನಿವಾರ ಭಾನುವಾರ ಅಂತಿಲ್ಲದೆ ಮಗುವನ್ನು ಕೂರಿಸಿ ಪ್ರಶ್ನೆಪತ್ರಿಕೆ ಮಾಡಿಸಿದ್ದಳು, ಪಾಪ. ತನ್ನದೇ ಪರೀಕ್ಷೆ ಹೋಯಿತು ಅನ್ನುವಷ್ಟು ನೋವು ಅವಳಿಗೆ. ತಾಯಂದಿರನ್ನು ಬೈಯುವುದು ಸುಲಭ, ಅವರ ಭಯ ನಮಗೆ ಕಾಣುವುದಿಲ್ಲ.

ಕಡೆಗೆ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಿದರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಶಾಲೆಯನ್ನು ಪುಟ್ಟಿಯನ್ನೂ ಕರೆದುಕೊಂಡು ಹೋಗಿ ನೋಡಿ ಬಂದರು. ಆಯ್ಕೆ ಪರೀಕ್ಷೆಯಿಲ್ಲದ ಶಾಲೆ ಅದು. ಅಲ್ಲಿಯ ವಿಜ್ಞಾನದ ಪ್ರಯೋಗಾಲಯ ಅವಳಿಗೆ ಹಿಡಿಸಿತು. ಅದನ್ನೇ ಮೊದಲ ಆಯ್ಕೆ ಬರೆದರು, ಮರುಪರಿಶೀಲನೆ ಕೇಳಲಿಲ್ಲ. ಬೇರೆ ಮನೆಯವರು ಕೇಳಿದ್ದರೆ ಅದೂ ತಪ್ಪಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಸರವೇ ಆಯಿತು. ಈ ಸೆಪ್ಟೆಂಬರಿನಿಂದ ಪುಟ್ಟಿ ಅಲ್ಲಿ ಏಳನೇ ತರಗತಿ. ಮೊನ್ನೆ ಭಾನುವಾರ ಗೆಳತಿಯ ಜೊತೆ ಮ್ಯಾಗ್ನೀಷಿಯಂ ಪಟ್ಟಿ ಉರಿಸಿದ ಕಥೆಯನ್ನು ಅರ್ಧ ಗಂಟೆ ಹೇಳಿದಳು. ಬೇಸರ ಎಷ್ಟು ಉಳಿದಿದೆ ಎಂದು ಹುಡುಕಿ ನೋಡಬೇಕು.

ಅಜ್ಜ-ಅಜ್ಜಿಯರಲ್ಲಿ ನನ್ನ ಕೋರಿಕೆ ಒಂದೇ. ಮೊಮ್ಮಕ್ಕಳು ನವೋದಯದ ಪರೀಕ್ಷೆ ಬರೆಯಲಿ, ಸೈನಿಕ ಶಾಲೆಯದ್ದು ಬರೆಯಲಿ, ಸಮುದ್ರದಾಚೆಯದ್ದು ಬರೆಯಲಿ, ಫೋನೆತ್ತಿದ ಕೂಡಲೇ “ಎಷ್ಟು ಬಂತು?” ಅನ್ನಬೇಡಿ. “ಊಟ ಆಯ್ತಾ?” ಅನ್ನಿ. ಸಂಖ್ಯೆ ತಾನಾಗಿ ಬರುತ್ತದೆ. ಬಂದಾಗ, ಅದು ಏನನ್ನು ಅಳೆದಿದೆ ಎಂದು ತಿಳಿದುಕೊಂಡು ಆಮೇಲೆ ಬಾಯಿ ತೆರೆಯಿರಿ.

ಮಕ್ಕಳೇ, ಈ ವಾರದ ಲೆಕ್ಕ ನಿಮಗೆ. ಒಂದು ಶಾಲೆಯಲ್ಲಿ ಐವರ ಅಂಕ: 42, 48, 50, 52, 58. ಇನ್ನೊಂದು ಶಾಲೆಯಲ್ಲಿ ಐವರ ಅಂಕ: 10, 34, 58, 60, 88. ಎರಡರ ಸರಾಸರಿಯನ್ನೂ ಕಂಡುಹಿಡಿಯಿರಿ. 58 ಅಂಕದವರು ಎರಡೂ ಕಡೆ ಇದ್ದಾರೆ. ಅವರು ಎಲ್ಲೆಲ್ಲಿ ನಿಂತಿದ್ದಾರೆ ನೋಡಿ, ಮನೆಯಲ್ಲಿ ಅಜ್ಜಿಗೋ ತಾತನಿಗೋ ಬಿಡಿಸಿ ಹೇಳಿ. ಉತ್ತರ ಮುಂದಿನ ವಾರ.